ಹಿಮ್ಮಡಿಗೆ ಬೊಟಾಕ್ಸ್: ಸೂಜಿ ಸಾಕು, ವ್ಯಾಯಾಮ ಬೇಡ ಅನ್ನುವವರಿಗೆ

ಪ್ರಶ್ನೆ: ನಾನು ಪ್ರೌಢಶಾಲೆ ಶಿಕ್ಷಕಿ, 47 ವರ್ಷ. ಹನ್ನೊಂದು ತಿಂಗಳಿಂದ ಬಲ ಹಿಮ್ಮಡಿ ನೋವು. ಬೆಳಿಗ್ಗೆ ಎದ್ದು ಕಾಲೂರಿದರೆ ಜೀವ ಹೋದಂತಾಗುತ್ತದೆ. ಎರಡು ಸಲ ಸ್ಟಿರಾಯ್ಡ್ ಸೂಜಿ ಆಯಿತು, ನೋವು ಮತ್ತೆ ಬಂತು. ಈಗ ಸ್ನಾಯು ಸಡಿಲಿಸುವ ಬೊಟಾಕ್ಸ್ ಸೂಜಿ ಹಾಕೋಣ ಅನ್ನುತ್ತಾರೆ. ಅದು ವಿಷವಂತೆ, ಕಾಲಿನ ಸ್ವಾಧೀನ ತಪ್ಪುತ್ತದಂತೆ. ನಿಜವೇ? ಒಂದೇ ಸೂಜಿಗೆ ವಾಸಿಯಾಗುತ್ತದೆಯೇ?

ವಿಷ ಹೌದು. ಬಾಟುಲಿನಮ್ ಎಂಬ ಬ್ಯಾಕ್ಟೀರಿಯಾದ ವಿಷವನ್ನೇ ಅತ್ಯಲ್ಪ ಪ್ರಮಾಣದಲ್ಲಿ ಬಳಸುತ್ತೇವೆ. ಅಮೆರಿಕದಲ್ಲಿ 1989ರಲ್ಲೇ ಮೆಳ್ಳೆಗಣ್ಣಿಗೆ ಇದನ್ನು ಕೊಡಲು ಒಪ್ಪಿಗೆ ಸಿಕ್ಕಿತ್ತು. ಮುಖದ ಸುಕ್ಕಿನ ಹೆಸರು ಅಂಟಿದ್ದು ಆಮೇಲೆ. ಅಲ್ಲಿ ಹಿಮ್ಮಡಿ ನೋವಿಗೆ ಮಾತ್ರ ಅಂಥ ಅಧಿಕೃತ ಒಪ್ಪಿಗೆ ಇಲ್ಲ, ವೈದ್ಯರು ತಮ್ಮ ವಿವೇಚನೆಯ ಮೇಲೆ ಕೊಡುತ್ತಾರೆ. ಇದನ್ನು ಹೇಳದೆ ಸೂಜಿ ಕೈಗೆತ್ತಿಕೊಂಡರೆ ಎದ್ದು ಬನ್ನಿ.

ನರ ಸಾಯುವುದಿಲ್ಲ. ನರದ ತುದಿಯಿಂದ ಸ್ನಾಯುವನ್ನು ಬಿಗಿಗೊಳಿಸುವ ರಾಸಾಯನಿಕ ಹೊರಬರದಂತೆ ಔಷಧ ತಡೆಯುತ್ತದೆ, ಅಷ್ಟೇ. ಕೆಲವು ದಿನಗಳಲ್ಲಿ ಸ್ನಾಯು ಸಡಿಲಾಗಿ, ಸುಮಾರು ಮೂರು ತಿಂಗಳಿಗೆ ಮತ್ತೆ ಮೊದಲಿನಂತಾಗುತ್ತದೆ. ಸೂಜಿಯನ್ನು ಅಂಗಾಲಿನ ಸ್ನಾಯುವಿಗೋ ಮೀನಖಂಡಕ್ಕೋ ಹಾಕುತ್ತಾರೆ. ‘ನೋವು ಅಂಗಾಲಲ್ಲಿ, ಸೂಜಿ ಮೀನಖಂಡಕ್ಕೇಕೆ’ ಎಂದು ಕೇಳಬೇಡಿ: ಮೀನಖಂಡ ಬಿಗಿದಿದ್ದರೆ ಅದು ಹಿಮ್ಮಡಿಯನ್ನು ಮೇಲಕ್ಕೆಳೆಯುತ್ತದೆ, ಹಿಮ್ಮಡಿಯಿಂದ ಬೆರಳುಗಳವರೆಗೆ ಹಬ್ಬಿದ ಅಂಗಾಲಿನ ಪಟ್ಟಿ ಹಗ್ಗದಂತೆ ಬಿಗಿಯುತ್ತದೆ.

ಫಲ ಇದೆಯೇ? ಸ್ಟಿರಾಯ್ಡಿಗಿಂತ ಮೇಲು ಎಂದ ಅಧ್ಯಯನಗಳಿವೆ, ಆದರೆ ಎಲ್ಲವೂ ಹತ್ತಾರು ಜನರ ಮೇಲಷ್ಟೇ ಮಾಡಿದವು. ನನಗೆ ಅದು ಸಾಲದು. ಸೂಜಿಯಿಂದ ಸಿಗುವುದು ಮೂರು ತಿಂಗಳ ಬಿಡುವು. ಅಷ್ಟರೊಳಗೆ ಮೀನಖಂಡ ಎಳೆದು ಸಡಿಲಿಸಿಕೊಳ್ಳದಿದ್ದರೆ ನಾಲ್ಕನೇ ತಿಂಗಳಿಗೆ ನೀವು ಮತ್ತೆ ಅದೇ ಕುರ್ಚಿಯಲ್ಲಿ ಕೂತಿರುತ್ತೀರಿ. ನಿಮ್ಮ ಉದ್ದದ ಪತ್ರದಲ್ಲಿ ವ್ಯಾಯಾಮದ ಮಾತೇ ಇಲ್ಲ, ಗಮನಿಸಿದೆ. ಹಾಸಿಗೆ ಬಿಡುವ ಮೊದಲು ಕಾಲ್ಬೆರಳುಗಳನ್ನು ಮೊಣಕಾಲಿನತ್ತ ಎಳೆದು ಹತ್ತು ಎಣಿಸಿ, ಹೀಗೆ ಹತ್ತು ಸಲ. ದಿನಕ್ಕೆ ಮೂರು ಹೊತ್ತು. ಮೂರು ತಿಂಗಳು ನಿಷ್ಠೆಯಿಂದ ಇದನ್ನು ಮಾಡದವರಿಗೆ ನಾನು ಸೂಜಿ ಹಾಕುವುದೇ ಇಲ್ಲ. ಬಹುಪಾಲು ಜನರಿಗೆ ವರ್ಷದೊಳಗೆ ಸೂಜಿಯಿಲ್ಲದೆಯೇ ನೋವು ಇಳಿಯುತ್ತದೆ.

ಹಾಕಿಸಿಕೊಳ್ಳುವುದೇ ಆದರೆ, ಬ್ರ್ಯಾಂಡ್ ಯಾವುದು, ಎಷ್ಟು ಯುನಿಟ್ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಒಂದು ಬ್ರ್ಯಾಂಡಿನ ಯುನಿಟ್ ಇನ್ನೊಂದಕ್ಕೆ ಸಮವಲ್ಲ. ಗರ್ಭಿಣಿಯರಿಗೆ, ಮಯಸ್ತೇನಿಯಾ (ಸ್ನಾಯುಗಳು ಬೇಗ ಸೋಲುವ ಕಾಯಿಲೆ) ಇರುವವರಿಗೆ ಬೇಡ. ನುಂಗಲು, ಉಸಿರಾಡಲು ಕಷ್ಟವಾದರೆ ನನಗೆ ಪತ್ರ ಬರೆಯುತ್ತ ಕೂರಬೇಡಿ, ಆಸ್ಪತ್ರೆಗೆ ಓಡಿ. ಮೂರನೇ ಸ್ಟಿರಾಯ್ಡ್ ಮಾತ್ರ ಬೇಡವೇ ಬೇಡ: ಪಟ್ಟಿ ಹರಿಯಬಹುದು, ಹಿಮ್ಮಡಿಯ ಕೊಬ್ಬಿನ ಮೆತ್ತೆ ಸವೆಯಬಹುದು.

ಪ್ರಶ್ನೆ: ನಮ್ಮೂರ ಡಾಕ್ಟರು ಸೊಂಟಕ್ಕೆ ಹಾಕುವ ‘ಮಸಲ್ ರಿಲ್ಯಾಕ್ಸಂಟ್’ ಸೂಜಿಯೂ ಇದೇನಾ?

ಅಲ್ಲ. ಅದು ಸಾಮಾನ್ಯವಾಗಿ ಥಯೋಕಾಲ್ಚಿಕೋಸೈಡ್; ಬೆನ್ನು ಹಿಡಿದಾಗ ಕೊಡುವಂಥದ್ದು. ಯುರೋಪಿನ ಔಷಧ ಸಂಸ್ಥೆ ಈ ಸೂಜಿಗೆ 2013ರಲ್ಲಿ ಐದು ದಿನಗಳ ಮಿತಿ ಹಾಕಿದೆ. ಇಲ್ಲಿ ತಿಂಗಳುಗಟ್ಟಲೆ ಚುಚ್ಚಿಸಿಕೊಂಡವರು ಬರುತ್ತಾರೆ.

ಪ್ರಶ್ನೆ: ಎಕ್ಸ್‌ರೇಯಲ್ಲಿ ಎಲುಬು ಮುಳ್ಳಿನಂತೆ ಬೆಳೆದಿದೆ. ಕೊಯ್ಸಿಬಿಡಲೇ?

ಬೇಡ. ನೋವೇ ಇಲ್ಲದ ಎಷ್ಟೋ ಕಾಲುಗಳಲ್ಲೂ ಆ ಮುಳ್ಳು ಇರುತ್ತದೆ.

ಪ್ರಶ್ನೆ: ಮ್ಯಾಗ್ನೆಟ್ ಚಪ್ಪಲಿ?

ಮಾರುವವನಿಗೆ ಒಳ್ಳೆಯದು.

ಪ್ರಶ್ನೆ: ಕಾದ ಇಟ್ಟಿಗೆ ಮೇಲೆ ಎಕ್ಕದೆಲೆ ಇಟ್ಟು ಹಿಮ್ಮಡಿ ಒತ್ತಿದರೆ ನೋವು ಹೋಗುತ್ತದಂತೆ. ನನಗೆ ಶುಗರ್ ಇದೆ.

ಶುಗರ್‌ನಿಂದ ಪಾದ ಜೋಮು ಹಿಡಿದಿದ್ದರೆ ಸುಟ್ಟದ್ದೇ ಗೊತ್ತಾಗುವುದಿಲ್ಲ. ಗಾಯ ಕೊಳೆತ ಮೇಲೆ ಬೆರಳು ತೆಗೆಯಬೇಕಾದ ರೋಗಿಗಳನ್ನು ನೋಡಿದ್ದೇನೆ. ಇಟ್ಟಿಗೆಯನ್ನು ಈಗಲೇ ಆಚೆ ಹಾಕಿ.