ಮೊಮ್ಮಗಳ ಯುದ್ಧದ ಪದ್ಯಗಳ ಪರೀಕ್ಷೆ: ರಾಜಾಜಿನಗರದ ಸರ್ ಕೇಳಿದ್ದಕ್ಕೆ ಉತ್ತರ

ಸರ್ ನಮಸ್ಕಾರ. ನಿನ್ನೆ ರಾತ್ರಿ ಕರಿಬೇವಿನ ಎಲೆ ಹಳದಿ ಆಗ್ತಿರೋ ಫೋಟೋ ಜೊತೆಗೇ ಕೇಳಿದ್ರಲ್ಲ, ಇಂಗ್ಲೆಂಡಲ್ಲಿರೋ ಮೊಮ್ಮಗಳಿಗೆ ಮೇ ತಿಂಗಳಲ್ಲಿ ನಮ್ಮ ಎಸ್ಸೆಸ್ಸೆಲ್ಸಿ ಥರದ ಜಿಸಿಎಸ್‌ಇ ಪರೀಕ್ಷೆ, ಯುದ್ಧದ ಪದ್ಯಗಳನ್ನ ಹೋಲಿಸಿ ಬರೀಬೇಕು, ಹುಡುಗಿ ಪಠ್ಯದ 15 ಪದ್ಯಾನೂ ಬಾಯಿಪಾಠ ಮಾಡಿದಾಳೆ ಆದ್ರೂ ಪ್ರಿಪರೇಟರಿಯಲ್ಲಿ 30ಕ್ಕೆ 13 ಬಂತು, ರಾತ್ರಿ ವಿಡಿಯೋ ಕಾಲಲ್ಲಿ ನಾನು ಏನಂತ ಹೇಳ್ಕೊಡ್ಲಿ, ಈ ಕೈತೋಟದ ಗುಂಪಲ್ಲಿ ಯಾರಾದ್ರೂ ಇಂಗ್ಲಿಷ್ ಮೇಷ್ಟ್ರು ಇದೀರಾ ಅಂತ. ಇದೀನಿ. ಮೂವತ್ತು ವರ್ಷ ಅದೇ ಕೆಲಸ ಮಾಡಿ ಈಗ ಬನಶಂಕರಿ ಟೆರೇಸಲ್ಲಿ ಹುರುಳಿಕಾಯಿ ಬೆಳೀತಿದೀನಿ. ಅಡ್ಮಿನ್ ಬೈಕೋಬೇಡಿ, ಕೊನೇಲಿ ಗಿಡದ ವಿಷ್ಯಾನೂ ಇದೆ.

ನೀವು ಹಾಕಿದ ಉತ್ತರಪತ್ರಿಕೆ ಜೂಮ್ ಮಾಡಿ ಓದ್ದೆ. ಅವಳ ಟೀಚರ್ ಕೆಂಪಲ್ಲಿ ಬರೆದಿರೋದು ಒಂದೇ ಮಾತು, ಎರಡು ಪದ್ಯದ ಬಗ್ಗೆ ಬರೆದಿದ್ದೀಯ, ಹೋಲಿಸಿಲ್ಲ ಅಂತ. ಅಷ್ಟೇ ಸರ್ ರೋಗ. ಹುಡುಗಿ ದಡ್ಡಿ ಅಲ್ಲ, ಬಾಯಿಪಾಠ ಕಮ್ಮಿಯಾಗಿಯೂ ಇಲ್ಲ, ಜಾಸ್ತಿ ಆಗಿದೆ. ಒಂದು ಪದ್ಯದ ಬಗ್ಗೆ ಗೊತ್ತಿರೋದನ್ನೆಲ್ಲ ಒಂದೂವರೆ ಪುಟ ಸುರಿದು, ಆಮೇಲೆ 'ಇದೇ ರೀತಿ' ಅಂತ ಒಂದು ಪದ ಹಾಕಿ ಎರಡನೇದನ್ನ ಸುರಿದಿದ್ದಾಳೆ.

ನಮ್ಮ ಭಾಷೇಲೇ ಹೇಳ್ತೀನಿ. ನಾಟಿ ಟೊಮ್ಯಾಟೊ ಹೈಬ್ರಿಡ್ ಟೊಮ್ಯಾಟೊ ಹೋಲಿಸಿ ಅಂದ್ರೆ ನೀವು ನಾಟೀದು ಬಣ್ಣ ತೂಕ ಸಿಪ್ಪೆ ಎಲ್ಲ ಹೇಳಿ ಮುಗಿಸಿ ಆಮೇಲೆ ಹೈಬ್ರಿಡ್ದು ಶುರು ಮಾಡಲ್ಲ. ಸಾರಿಗೆ ಯಾವುದು ಅಂತ ಕೇಳ್ತೀರ. ಪ್ರಶ್ನೆ ಬಂದ ತಕ್ಷಣ ಹುಳಿ ಮುಖ್ಯ ಆಗತ್ತೆ, ಸಿಪ್ಪೆ ದಪ್ಪ ಅನ್ನೋದು ಹಿಂದೆ ಸರಿಯತ್ತೆ. ಪದ್ಯಕ್ಕೂ ಹಾಗೇ, ಮೊದಲು ಒಂದು ಪ್ರಶ್ನೆ ಬೇಕು, ಎರಡೂ ಪದ್ಯ ಉತ್ತರ ಕೊಡೋ ಅಂಥ ಪ್ರಶ್ನೆ, ಉತ್ತರ ಮಾತ್ರ ಬೇರೆಬೇರೆ ಇರಬೇಕು.

ಉದಾಹರಣೆಗೆ ಅವಳು ಬರೆದಿರೋ ಎರಡೇ ತಗೊಳ್ಳಿ, ಟೆನಿಸನ್‌ದು 'ದಿ ಚಾರ್ಜ್ ಆಫ್ ದಿ ಲೈಟ್ ಬ್ರಿಗೇಡ್', ವಿಲ್‌ಫ್ರೆಡ್ ಓವೆನ್‌ದು 'ಎಕ್ಸ್‌ಪೋಷರ್'. ಮೊದಲನೇದು ತಪ್ಪು ಆಜ್ಞೆಗೆ ಫಿರಂಗಿಗಳ ಎದುರು ನುಗ್ಗಿದ ಆರುನೂರು ಕುದುರೆ ಸವಾರರದ್ದು, ಎರಡನೇದು ಮೊದಲ ಮಹಾಯುದ್ಧದ ಕಂದಕದಲ್ಲಿ ಚಳೀಲಿ ಕಾಯ್ತಿರೋ ಸೈನಿಕರದ್ದು. ಅವಳು 'ಎರಡರಲ್ಲೂ ಪುನರಾವರ್ತನೆ ಇದೆ' ಅಂತ ಬರೆದು ಮುಂದೆ ಹೋಗ್ಬಿಟ್ಟಿದ್ದಾಳೆ. ಅಯ್ಯೋ, ಅಲ್ಲೇ ಇತ್ತು ಸರ್ ಚಿನ್ನ! ಅವಳಿಗೆ ಹೇಳಿ, ಪೆನ್ಸಿಲ್ ತಗೊಂಡು ಟೆನಿಸನ್ ಪದ್ಯದಲ್ಲಿ ಪ್ರತಿ ಚರಣದ ಕೊನೇ ಸಾಲಿಗೆ ಗೆರೆ ಎಳೀಲಿ. ಒಟ್ಟು ಆರು ಚರಣ. ಮೊದಲ ಮೂರರಲ್ಲಿ ಆ ಆರುನೂರು ಜನ ಕುದುರೆ ಏರಿ ಹೋದ್ರು. ನಾಲ್ಕನೇದಕ್ಕೆ ಬಂದಾಗ ವಾಪಸ್ ಬರ್ತಾರೆ, ಆದ್ರೆ ಆರುನೂರಲ್ಲ. ಐದನೇದರಲ್ಲಿ ಆರುನೂರರಲ್ಲಿ ಉಳಿದವರು. ಆರನೇದಕ್ಕೆ ಧೀರ ಆರುನೂರು. ಸಂಖ್ಯೆ ಅದೇ, ಅದರ ಪಕ್ಕದ ಮಾತು ಬದಲಾಗ್ತಾ ಹೋಗತ್ತೆ, ಜನ ಸತ್ತು ಕರಗಿ ಕೊನೇಗೆ ಹೆಸರಾಗಿ ನಿಲ್ತಾರೆ.

ಈಗ ಓವೆನ್ ಪದ್ಯದಲ್ಲಿ ಅದೇ ಕೆಲಸ ಮಾಡ್ಸಿ. ಎಂಟು ಚರಣ, ಪ್ರತಿಯೊಂದರ ಕೊನೇಗೆ ಒಂದು ಮೊಟಕು ಸಾಲು. ಅದರಲ್ಲಿ ನಾಲ್ಕು ಕಡೆ ಒಂದೇ ಮಾತು, 'ಆದರೆ ಏನೂ ಆಗುವುದಿಲ್ಲ' ಅಂತ. ಮೊದಲನೇ ಚರಣದಲ್ಲಿ ಅದೇ, ಕಟ್ಟಕಡೇದರಲ್ಲೂ ಅದೇ, ಅಷ್ಟೊತ್ತಿಗೆ ಹೆಣ ಹೂಳೋರು ಗುದ್ದಲಿ ಹಿಡ್ಕೊಂಡು ಬಂದಿದ್ದಾರೆ, ಸತ್ತೋರ ಕಣ್ಣು ಮಂಜುಗಡ್ಡೆ ಆಗಿದೆ, ಆದ್ರೂ ಏನೂ ಆಗಲ್ಲ! ಮಧ್ಯದ ಚರಣಗಳಲ್ಲಿ ಮಾತು ಬದಲಾಗತ್ತೆ, ನಾವಿಲ್ಲಿ ಏನು ಮಾಡ್ತಿದೀವಿ, ಸಾಯ್ತಿದೀವಾ ಅಂತ ಕೇಳ್ಕೋತಾರೆ, ಉತ್ತರ ಬರಲ್ಲ, ಸುತ್ತಿ ಬಂದು ಅಲ್ಲೇ ನಿಲ್ಲತ್ತೆ.

ಇದನ್ನ ಹೋಲಿಕೆ ಮಾಡಿ ಬರೆದ್ರೆ ಹೀಗಾಗತ್ತೆ, ಇಂಗ್ಲಿಷಿಗೆ ಅವಳೇ ಹಾಕ್ಕೊಳ್ಳಲಿ: "ಇಬ್ಬರೂ ಒಂದು ಸಾಲನ್ನ ಮತ್ತೆ ಮತ್ತೆ ತರ್ತಾರೆ. ಟೆನಿಸನ್ ನಾಲ್ಕನೇ ಚರಣದಿಂದ ಅದನ್ನ ಸ್ವಲ್ಪ ಸ್ವಲ್ಪ ತಿರುಗಿಸ್ತಾನೆ, ಹಾಗಾಗಿ ಸಾವಿಗೆ ಒಂದು ಕಥೆ ಸಿಗತ್ತೆ, ಶುರು ನಡು ಕೊನೆ, ಕೊನೇಲಿ ಗೌರವ. ಓವೆನ್ ಶುರು ಮಾಡಿದ ಸಾಲಿಗೇ ವಾಪಸ್ ಬಂದು ಆ ಕಥೆಯನ್ನೇ ಕೊಡಲ್ಲ ಅಂತಾನೆ. ಅವನ ಸೈನಿಕರಿಗೆ ಸಾವೂ ಒಂದು ಘಟನೆ ಅಲ್ಲ." ನಾಲ್ಕೈದು ವಾಕ್ಯ. ಪದ್ಯ ಎರಡೂ ಪ್ರತಿ ವಾಕ್ಯದ ಆಸುಪಾಸಲ್ಲೇ ಇವೆ ನೋಡಿ. ಇಂಥ ಮೂರು ಪ್ಯಾರಾ ಇದ್ರೆ ಉತ್ತರ ಆಯ್ತು, ಅಲಂಕಾರದ ಹೆಸರು ಹತ್ತು ಗೊತ್ತಿರಬೇಕು ಅಂತೇನೂ ಇಲ್ಲ. ಅಲಂಕಾರದ ಹೆಸರು ಬರೆದು ಅದು ಅಲ್ಲಿ ಏನು ಕೆಲಸ ಮಾಡ್ತಿದೆ ಅಂತ ಹೇಳದೇ ಇರೋದು ಕುಂಡದಲ್ಲಿ ಬೋರ್ಡ್ ನೆಟ್ಟು ಗಿಡ ನೆಡದೇ ಇದ್ದ ಹಾಗೆ.

ಇನ್ನೊಂದು ವಿಷ್ಯ, ಜೋರಾಗಿ ಓದ್ಬೇಕು. ನೀವೂ ಕಾಲಲ್ಲಿ ಓದಿ ಸರ್, ನಿಮ್ಮ ಇಂಗ್ಲಿಷ್ ಉಚ್ಚಾರಣೆ ಬಗ್ಗೆ ಅವಳು ನಕ್ರೆ ನಗಲಿ. ಟೆನಿಸನ್ ಸಾಲು ಓದಿದ್ರೆ ಕುದುರೆ ಓಡ್ತಿರೋದು ನಾಲಿಗೆಗೇ ಗೊತ್ತಾಗತ್ತೆ, ಒಂದು ಒತ್ತು ಎರಡು ಹಗುರ, ಒಂದು ಒತ್ತು ಎರಡು ಹಗುರ. ಓವೆನ್ ಪದ್ಯ ಓದ್ತಾ ಹೋದ್ರೆ ಎಲ್ಲೋ ಪ್ರಾಸ ತಪ್ತಾ ಇದೆ ಅನ್ಸತ್ತೆ, ಏನೋ ಕೂರಲ್ಲ. ಅದು ಬೇಕಂತಲೇ ಮಾಡಿರೋದು. ಎರಡನೇ ಚರಣದಲ್ಲಿ ವೈರ್ ಅನ್ನೋದಕ್ಕೆ ವಾರ್ ಜೋಡಿ, ಬ್ರ್ಯಾಂಬಲ್ಸ್‌ಗೆ ರಂಬಲ್ಸ್. ವ್ಯಂಜನ ಹೆಚ್ಚುಕಮ್ಮಿ ಅದೇ ಇರತ್ತೆ, ಸ್ವರ ಜಾರತ್ತೆ. ಕಲ್ಲು ಕೊಲ್ಲು ಇದ್ದ ಹಾಗೆ. ಕನ್ನಡದವರಿಗೆ ಇದು ಹೊಸದೇ ಅಲ್ಲ, ನಮ್ಮ ಹಳೇ ಪದ್ಯಗಳ ಆದಿಪ್ರಾಸದಲ್ಲಿ ಎರಡನೇ ಅಕ್ಷರದ ವ್ಯಂಜನ ಒಂದೇ ಇದ್ರೆ ಸಾಕು, ಸ್ವರ ಯಾವುದಾದ್ರೂ ನಡೆಯತ್ತೆ. ನಮ್ಮ ಕಿವಿಗೆ ಅದು ಹಿತ, ಆದ್ರೆ ಪೂರ್ತಿ ಅಂತ್ಯಪ್ರಾಸಕ್ಕೆ ಒಗ್ಗಿದ ಇಂಗ್ಲಿಷ್ ಕಿವಿಗೆ ಕೊನೇ ಮೆಟ್ಟಿಲು ಇಲ್ಲದ ಹಾಗೆ, ಕಾಲಿಟ್ರೆ ಜಾರತ್ತೆ. ನಿದ್ದೆ ಇಲ್ಲದ, ಚಳೀಲಿ ಬೆರಳು ಸೆಟೆದ ಮನುಷ್ಯನ ಪದ್ಯಕ್ಕೆ ಅದೇ ಸರಿ. ಇದನ್ನ ಅವಳಿಗೆ ಹೇಳಿ, ಮರೆಯಲ್ಲ.

ಕಾಂಟೆಕ್ಸ್ಟ್, ಅಂದ್ರೆ ಪದ್ಯದ ಹಿನ್ನೆಲೆ, ಅಂತ ಅವಳು ಅರ್ಧ ಪುಟ ಓವೆನ್ ಜೀವನಚರಿತ್ರೆ ಬರೆದಿದ್ದಾಳೆ, ಹುಟ್ಟಿದ್ದು 1893, ಸತ್ತಿದ್ದು 1918ರ ನವೆಂಬರ್ 4, ಯುದ್ಧ ಮುಗಿಯೋಕೆ ಒಂದು ವಾರ ಮುಂಚೆ, ಅಮ್ಮನಿಗೆ ತಂತಿ ಬಂದಿದ್ದು ಕದನವಿರಾಮದ ದಿನವೇ. ಕೇಳಿದ್ರೆ ಹೊಟ್ಟೆ ಚುರುಕ್ ಅನ್ನತ್ತೆ ನಿಜ. ಆದ್ರೆ 30ರಲ್ಲಿ ಅದಕ್ಕಿರೋದು 6 ಮಾರ್ಕ್ಸ್, ಉಳಿದ 24ರಲ್ಲಿ ವಾದಕ್ಕೆ 12, ಭಾಷೆ ರೂಪಕ್ಕೆ 12. ಮತ್ತೆ ಆ 6 ಕೂಡ ಸಾವಿನ ದಿನಾಂಕಕ್ಕೆ ಸಿಗಲ್ಲ. ಪದ್ಯ ಓದೋ ರೀತಿಯನ್ನ ಬದಲಿಸೋ ಮಾಹಿತಿ ಆದ್ರೆ ಮಾತ್ರ ಬರೀಬೇಕು. ಟೆನಿಸನ್ ಆಗ ಆಸ್ಥಾನಕವಿ, 1854ರ ಅಕ್ಟೋಬರ್ 25ಕ್ಕೆ ಕ್ರೈಮಿಯಾ ಯುದ್ಧದ ಬಾಲಾಕ್ಲಾವಾ ಕಾಳಗದಲ್ಲಿ ನಡೆದಿದ್ದನ್ನ ಪೇಪರಲ್ಲಿ ಓದಿ ಮನೇಲಿ ಕೂತು ಬರೆದದ್ದು, ಡಿಸೆಂಬರಲ್ಲಿ ಅಚ್ಚಾಯ್ತು. ಓವೆನ್ 1917ರ ಚಳಿಗಾಲದಲ್ಲಿ ಆ ಕಂದಕದಲ್ಲೇ ಇದ್ದ. ಅದಕ್ಕೇ ಅಲ್ಲಿ 'ಅವರು', ಇಲ್ಲಿ 'ನಾವು'. ಆ ಒಂದು ಸರ್ವನಾಮಕ್ಕೆ ಅಂಟಿಸಿ ಬರೆದ್ರೆ ಕಾಂಟೆಕ್ಸ್ಟ್ ಆಯ್ತು, ಎರಡು ಸಾಲು ಸಾಕು.

ಅವಳಿಗೆ ವೀರ, ಗೌರವ ಅನ್ನೋದೆಲ್ಲ ಬರೀ ಪುಸ್ತಕದ ಮಾತು ಅನ್ನಿಸ್ತಿದ್ರೆ, ಬೇಸಿಗೆ ರಜಕ್ಕೆ ಬಂದಾಗ ಕಸ್ತೂರ್ಬಾ ರೋಡ್ ಮ್ಯೂಸಿಯಂಗೆ ಕರ್ಕೊಂಡು ಹೋಗಿ, ಪರೀಕ್ಷೆಗೆ ಮುಂಚೆ ಬೇಕಂದ್ರೆ ಯಾವುದಾದ್ರೂ ವೀರಗಲ್ಲಿನ ಫೋಟೋ ತೋರ್ಸಿ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ಸತ್ತೋನನ್ನ ಎತ್ಕೊಂಡು ಹೋಗೋದು, ಮೇಲೆ ಶಿವನ ಸನ್ನಿಧಿ. ಎಷ್ಟೋ ವೀರಗಲ್ಲಲ್ಲಿ ಒಂದು ಶ್ಲೋಕ ಇರತ್ತೆ, "ಜಿತೇನ ಲಭ್ಯತೇ ಲಕ್ಷ್ಮೀ ಮೃತೇನಾಪಿ ಸುರಾಂಗನಾ", ಗೆದ್ರೆ ಲಕ್ಷ್ಮಿ ಸಿಕ್ತಾಳೆ, ಸತ್ರೆ ಅಪ್ಸರೆ ಸಿಕ್ತಾಳೆ, ಕ್ಷಣದಲ್ಲಿ ಹೋಗೋ ದೇಹಕ್ಕೆ ರಣದಲ್ಲಿ ಸಾಯೋ ಚಿಂತೆ ಯಾಕೆ ಅಂತ. ನಮ್ಮ ಊರಿನ ಹೆಸರು ಮೊದಲು ಸಿಗೋದೂ ಯುದ್ಧದ ನೆನಪಲ್ಲೇ, ಬೇಗೂರಿನ ಶಾಸನದಲ್ಲಿ, ಸುಮಾರು 890ರ ಬೆಂಗಳೂರು ಕಾಳಗ.

ರೋಮಿನ ಕವಿ ಹೊರೇಸ್ ಹೇಳಿದ್ದೂ ಹೆಚ್ಚುಕಮ್ಮಿ ಇದೇ, ದೇಶಕ್ಕಾಗಿ ಸಾಯೋದು ಸಿಹಿ, ಯೋಗ್ಯ ಅಂತ. ಓವೆನ್ 'ಡಲ್ಸೆ ಎಟ್ ಡೆಕೋರಂ ಎಸ್ಟ್' ಅನ್ನೋ ಇನ್ನೊಂದು ಪದ್ಯದಲ್ಲಿ, ಅದು ಅವಳ 15ರಲ್ಲಿಲ್ಲ ಆದ್ರೂ ಒಂದು ಸಲ ಓದಿಸಿ, ವಿಷಗಾಳಿಗೆ ಸಿಕ್ಕಿ ಸಾಯ್ತಿರೋ ಹುಡುಗನ್ನ ಕಣ್ಮುಂದೆ ಇಟ್ಟು ಆ ಲ್ಯಾಟಿನ್ ಮಾತನ್ನ ಹಳೇ ಸುಳ್ಳು ಅಂತಾನೆ. ಹುಡುಗರನ್ನ ಸೈನ್ಯಕ್ಕೆ ಹುರಿದುಂಬಿಸೋ ಪದ್ಯ ಬರೀತಿದ್ದ ಜೆಸ್ಸಿ ಪೋಪ್ ಅನ್ನೋಳಿಗೆ ಅಂತ ಕರಡಲ್ಲಿ ಬರೆದಿದ್ದನಂತೆ ಅಲ್ಲ, ಬರೆದೇ ಇದಾನೆ, ಕರಡು ಉಳಿದಿದೆ. ನನ್ನ ಕೇಳಿದ್ರೆ ವೀರಗಲ್ಲಿನ ಮೇಲಿನ ಎರಡು ಪಟ್ಟಿಕೆ ಒಡೆದು ಹಾಕಿ ಬರೀ ಕೆಳಗಿನದನ್ನ ಉಳಿಸಿದ್ರೆ ಓವೆನ್. ಟೆನಿಸನ್ ಮೂರನ್ನೂ ಉಳಿಸ್ಕೋತಾನೆ, ಆದ್ರೆ ಯಾರೋ ಎಡವಟ್ಟು ಮಾಡಿದ್ರು ಅನ್ನೋದನ್ನೂ ಕಲ್ಲಲ್ಲೇ ಕೆತ್ತುತ್ತಾನೆ, ಅದನ್ನ ಮರೀಬಾರ್ದು, ಅವನನ್ನ ಬರೀ ಭಜನೆ ಕವಿ ಅಂತ ಬರೆದ್ರೆ ಮಾರ್ಕ್ಸ್ ಹೋಗತ್ತೆ. ವೀರಗಲ್ಲು ಮಾತ್ರ ಪೇಪರಲ್ಲಿ ಬರೀಬೇಡ ಅನ್ನಿ. ಅದು ಅವಳ ತಲೇಲಿ ಇರಲಿ, ಪುಟದ ಮೇಲೆ ಪದ್ಯ ಇರಲಿ.

ಆಮೇಲೆ ಬಾಯಿಪಾಠ. ಒಂದು ಪದ್ಯ ಪೇಪರಲ್ಲೇ ಪ್ರಿಂಟ್ ಆಗಿರತ್ತೆ, ಇನ್ನೊಂದನ್ನ ಮಾತ್ರ ನೆನಪಿಂದ ಬರೀಬೇಕು. ಪೂರ್ತಿ ಪದ್ಯ ಯಾಕೆ? ಪ್ರತಿ ಪದ್ಯಕ್ಕೆ ನಾಲ್ಕೋ ಐದೋ ತುಣುಕು, ಒಂದೊಂದು ಮೂರ್ನಾಲ್ಕು ಪದ, ಸಾಕು. 15ರಲ್ಲಿ ನೇರ ಯುದ್ಧದ್ದು ಏಳು. ಜೋಡಿ ಮಾಡ್ಕೊಳ್ಳಲಿ, ಯಾವ ಪ್ರಶ್ನೆಗೆ ಆ ಜೋಡಿ ಅಂತ ಮೇಲ್ಗಡೆ ಬರ್ಕೊಳ್ಳಲಿ. ಟೆನಿಸನ್ ಜೊತೆ ಟೆಡ್ ಹ್ಯೂಸ್‌ನ 'ಬಯೊನೆಟ್ ಚಾರ್ಜ್' ಇಟ್ರೆ, ಗುಂಪು ಓಡೋದಕ್ಕೂ ಒಬ್ಬನೇ ಓಡೋದಕ್ಕೂ ಏನು ವ್ಯತ್ಯಾಸ ಅನ್ನೋ ಪ್ರಶ್ನೆ. ಆ ಒಬ್ಬನಿಗೆ ಓಡ್ತಾ ಓಡ್ತಾ ರಾಜ, ಮರ್ಯಾದೆ ಎಲ್ಲ 'ಇತ್ಯಾದಿ' ಆಗ್ಬಿಡತ್ತೆ, ಆ ಇತ್ಯಾದಿ ಒಂದರ ಮೇಲೇ ಪ್ಯಾರಾ ಬರೀಬೋದು. ಸೈಮನ್ ಆರ್ಮಿಟೇಜ್‌ನ 'ರಿಮೇನ್ಸ್' ಜೊತೆ ಕ್ಯಾರಲ್ ಆನ್ ಡಫಿಯ 'ವಾರ್ ಫೋಟೋಗ್ರಾಫರ್', ಯುದ್ಧ ಮುಗಿಸಿ ಮನೆಗೆ ಬಂದೋರ ಜೊತೆ ಏನು ಬರತ್ತೆ ಅನ್ನೋದು. 'ಪಾಪೀಸ್', 'ಕಾಮಿಕಾಝೆ' ಎರಡೂ ಸೈನಿಕರ ಮನೆಯವರ ಪದ್ಯ, 'ಪಾಪೀಸ್'ನಲ್ಲಿ ಮಾತಾಡೋದು ತಾಯಿ. ನಮ್ಮ ರನ್ನನ ದುರ್ಯೋಧನ ರಣಭೂಮೀಲಿ ಮಗನ ಹೆಣ ನೋಡಿ, ಅಪ್ಪನಿಗೆ ಮಗ ತರ್ಪಣ ಬಿಡಬೇಕಾಗಿತ್ತು, ಉಲ್ಟಾ ಆಯ್ತಲ್ಲ ಅಂತಾನಲ್ಲ, ಅದನ್ನ ಹೇಳಿ 'ಪಾಪೀಸ್' ಓದಿಸಿ, ಆ ತಾಯಿ ಯಾಕೆ ಅಷ್ಟು ಕಮ್ಮಿ ಮಾತಾಡ್ತಾಳೆ ಅಂತ ತಾನೇ ಕೇಳ್ತಾಳೆ.

ಟೈಮ್ ವಿಷ್ಯದಲ್ಲಿ ನಾನೇ ಪೆಟ್ಟು ತಿಂದೋನು. ಎಂ.ಎ. ಪರೀಕ್ಷೇಲಿ ಎರಡು ಪದ್ಯ ಹೋಲಿಸಿ ಅಂತ ಇತ್ತು, ನನಗಿಷ್ಟದ ಪದ್ಯದ ಬಗ್ಗೆ ಏಳು ಪುಟ ಬರೆದು ಖುಷಿಯಾಗಿ ತಲೆ ಎತ್ತಿದ್ರೆ ಸೂಪರ್‌ವೈಸರ್ ದಾರ ಹಂಚ್ತಿದ್ರು. ಎರಡನೇ ಪದ್ಯಕ್ಕೆ ಮೂರು ಸಾಲು. ಅವಳಿಗೆ ಈ ಪ್ರಶ್ನೆಗೆ ಸುಮಾರು 45 ನಿಮಿಷ ಸಿಗತ್ತೆ, ಅದರಲ್ಲಿ ಮೊದಲ ಎಂಟು ನಿಮಿಷ ಪೆನ್ ಮುಟ್ಟದೇ ಪೆನ್ಸಿಲಲ್ಲಿ ಪ್ರಿಂಟ್ ಆಗಿರೋ ಪದ್ಯದ ಮೇಲೆ ಗೆರೆ ಎಳ್ಕೊಂಡು ಪಕ್ಕದಲ್ಲಿ ಎರಡನೇ ಪದ್ಯದ ತುಣುಕು ಬರ್ಕೊಳ್ಳಲಿ. ವಾರಕ್ಕೆ ಪೂರ್ತಿ ಉತ್ತರ ಒಂದೇ ಸಾಕು. ಉಳಿದ ದಿನ ದಿನಕ್ಕೊಂದು ಪ್ಯಾರಾ, 12 ನಿಮಿಷ ಅಲಾರಂ ಇಟ್ಟು. ಬರೆದ ಮೇಲೆ ಎರಡು ಬಣ್ಣದ ಹೈಲೈಟರಲ್ಲಿ ಒಂದೊಂದು ಪದ್ಯಕ್ಕೆ ಒಂದೊಂದು ಬಣ್ಣ ಬಳೀಲಿ. ಎರಡು ದೊಡ್ಡ ಗುಡ್ಡೆ ಥರ ಕಂಡ್ರೆ ಹೋಲಿಕೆ ಆಗಿಲ್ಲ, ಪಟ್ಟೆ ಪಟ್ಟೆ ಕಂಡ್ರೆ ಆಗಿದೆ. ನಿಮಗೆ ಇಂಗ್ಲಿಷ್ ಪದ್ಯ ಅರ್ಥ ಆಗದೇ ಇದ್ರೂ ಇದನ್ನ ಫೋನಲ್ಲಿ ನೋಡಿ ಹೇಳ್ಬೋದು.

ಈಗ ಗಿಡ. ಆ 'ಪಾಪೀಸ್' ಪದ್ಯದ ಕೆಂಪು ಪಾಪಿ (poppy) ಹೂವು ಯಾಕೆ ಯುದ್ಧದ ಗುರುತಾಯ್ತು ಅಂತ ಅವಳನ್ನ ಕೇಳಿ. ಅದರ ಬೀಜ ಮಣ್ಣೊಳಗೆ ವರ್ಷಗಟ್ಟಲೆ ಸುಮ್ನೆ ಮಲಗಿರತ್ತೆ, ಮಣ್ಣು ಮಗುಚಿ ಬೆಳಕು ಬಿದ್ರೆ ಏಳತ್ತೆ, ಮೊದಲ ಮಹಾಯುದ್ಧದಲ್ಲಿ ಫಿರಂಗಿ ಗುಂಡು ರಣಭೂಮಿಯ ಹೊಲಗಳನ್ನ ಉತ್ತಿದ ಹಾಗೆ ಮಾಡಿತ್ತು. ನಮ್ಮ ಗಸಗಸೆ ಗಿಡ ಬೇರೆ, ಅದನ್ನ ಲೈಸೆನ್ಸ್ ಇಲ್ಲದೆ ಬೆಳೆಯೋ ಹಾಗಿಲ್ಲ, ಯಾರೂ ಅಡುಗೆಮನೆ ಡಬ್ಬಿಯಿಂದ ಬಿತ್ತೋಕೆ ಹೋಗ್ಬೇಡಿ! ಯುದ್ಧದ ಪಾಪಿಯದ್ದೇ ತೋಟದ ತಳಿ ಶರ್ಲಿ ಪಾಪಿ ಬೇಕಾದ್ರೆ ಅಕ್ಟೋಬರಲ್ಲಿ ಮಣ್ಣಿನ ಮೇಲೆ ಸುಮ್ನೆ ಉದುರಿಸಿ, ಮುಚ್ಚಬೇಡಿ. ನಮ್ಮ ಟೆರೇಸಲ್ಲಿ ಈಗ ಬಿಟ್ಟಿದೆ, ಬೆಳಗ್ಗೆ ಅರಳಿದ್ದು ಮುಟ್ಟಿದ್ರೆ ಪಕಳೆ ಕೈಗೇ ಬರತ್ತೆ, ಫೋಟೋ ಕಳಿಸ್ತೀನಿ, ಅವಳಿಗೆ ಫಾರ್ವರ್ಡ್ ಮಾಡಿ.

ನಿಮ್ಮ ಕರಿಬೇವಿಗೆ ರೋಗ ಏನಿಲ್ಲ ಸರ್, ಚಳೀಲಿ ಅದು ಹೀಗೇ ಮುದುಡ್ಕೊಳ್ಳತ್ತೆ, ನೀರು ಜಾಸ್ತಿ ಹಾಕ್ತಿದೀರ ಅನ್ಸತ್ತೆ. ಮೇಲ್ಮಣ್ಣು ಒಣಗಿದ ಮೇಲೆ ಮಾತ್ರ ಹಾಕಿ, ಹದಿನೈದು ದಿನಕ್ಕೊಂದು ಸಲ ಹುಳಿ ಮಜ್ಜಿಗೆಗೆ ಹತ್ತು ಪಾಲು ನೀರು ಬೆರೆಸಿ ಬುಡಕ್ಕೆ. ಭಾನುವಾರದೊಳಗೆ ಅವಳು ಒಂದು ಪ್ಯಾರಾ ಬರೆದ್ರೆ ಬಣ್ಣ ಬಳಿದ ಫೋಟೋ ನನಗೆ ಪರ್ಸನಲ್‌ಗೆ ಹಾಕಿ, ಇಲ್ಲಿ ಬೇಡ.