ಓದುಗರ ಪ್ರಶ್ನೆ: ಬ್ಯಾಟರಿಯ ಒಂದೇ ಟರ್ಮಿನಲ್ ಏಕೆ ಬಿಸಿಯಾಗುತ್ತದೆ?

ಪ್ರಶ್ನೆ: ನಾನು ಧಾರವಾಡದ ಕಡೆಯವನು, ಹಲವು ವರ್ಷಗಳಿಂದ ಗೋವಾದ ವಾಸ್ಕೊದಲ್ಲಿದ್ದೇನೆ. ಹಳೆಯ ಮಾರುತಿ 800 ಕಾರಿನ ಎಂಜಿನ್ ತೆಗೆಸಿ, 12 ವೋಲ್ಟಿನ 8 ಲೆಡ್ ಆ್ಯಸಿಡ್ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ ವಿದ್ಯುತ್ ಕಾರು ಮಾಡಿಕೊಂಡಿದ್ದೇನೆ. ಈ ಮಳೆಗಾಲ ಕಳೆದ ಮೇಲೆ ದಾಬೋಳಿಯ ಏರಿನಲ್ಲಿ ಕಾರು ಸೊರಗುತ್ತಿದೆ. ಮನೆಗೆ ಬಂದು ನೋಡಿದರೆ ಡಿಕ್ಕಿಯಲ್ಲಿರುವ ಒಂದು ಟರ್ಮಿನಲ್ ಕೈ ಇಡಲಾಗದಷ್ಟು ಬಿಸಿಯಾಗಿರುತ್ತದೆ. ಪ್ರತಿ ತಿಂಗಳೂ ಎಲ್ಲ ನಟ್ಟುಗಳನ್ನು ಬಿಗಿ ಮಾಡಿ ಗ್ರೀಸ್ ಹಚ್ಚುತ್ತೇನೆ. ಇನ್ನೇನು ಮಾಡಬೇಕು?

ಉತ್ತರ: ಮೊದಲು, ಕೈಯಿಂದ ಮುಟ್ಟಿ ನೋಡುವುದನ್ನು ದಯವಿಟ್ಟು ಇಂದೇ ನಿಲ್ಲಿಸಿ. ನಿಮ್ಮ ಸಾಲಿನ ಒಟ್ಟು ವೋಲ್ಟೇಜ್ 96. ಚಾರ್ಜ್ ಆಗುವಾಗ ಅದು 115ರ ಆಸುಪಾಸಿಗೆ ಏರುತ್ತದೆ. ಇಷ್ಟು ಡಿಸಿ ವೋಲ್ಟೇಜು ಬೆವರಿದ ಕೈಗೆ ತಗುಲಿದರೆ ಪ್ರಾಣಕ್ಕೇ ಅಪಾಯ.

ಎರಡನೆಯದಾಗಿ, ತಿಂಗಳು ತಿಂಗಳಿಗೂ ಬಿಗಿ ಮಾಡುವ ಅಭ್ಯಾಸವೇ ನಿಮ್ಮ ತೊಂದರೆಯ ಒಂದು ಮೂಲವಾಗಿರಬಹುದು. ನಿಮ್ಮ ಬ್ಯಾಟರಿಯ ಟರ್ಮಿನಲ್ ಸೀಸದ್ದು, ಸೀಸ ಬಹಳ ಮೆತ್ತಗಿನ ಲೋಹ. ಒತ್ತಡ ಬಿದ್ದಷ್ಟೂ ಅದು ನಿಧಾನವಾಗಿ ಹರಿದು ಪಕ್ಕಕ್ಕೆ ಸರಿಯುತ್ತದೆ, ಆಗ ಬೋಲ್ಟು ಸಡಿಲಾಗುತ್ತದೆ. ನೀವು ಮತ್ತೆ ಬಿಗಿ ಮಾಡುತ್ತೀರಿ, ಸೀಸ ಮತ್ತೆ ಸರಿಯುತ್ತದೆ, ಕೊನೆಗೆ ಟರ್ಮಿನಲ್ಲಿನ ಮುಖವೇ ಸೊಟ್ಟಗಾಗಿ ಲಗ್ಗು (ಕೇಬಲಿನ ತುದಿಗೆ ಹಾಕಿದ ಲೋಹದ ಕಿವಿ) ಅದರ ಮೇಲೆ ಸಮನಾಗಿ ಕೂರದಂತಾಗುತ್ತದೆ. ಬ್ಯಾಟರಿ ತಯಾರಕರು ಹೇಳಿದ ಟಾರ್ಕ್‌ಗೆ (ತಿರುವುವ ಬಲಕ್ಕೆ), ಅದನ್ನು ಅಳೆದು ತೋರಿಸುವ ಟಾರ್ಕ್ ರೆಂಚ್ ಹಿಡಿದು ಬಿಗಿ ಮಾಡಬೇಕು. ತೋಳಿನ ಬಲದ ಅಂದಾಜು ಇಲ್ಲಿ ನಡೆಯದು.

ನಿಮ್ಮ ಕಾರಿನಲ್ಲಿ ಇಂಥ ಬೋಲ್ಟಿನ ಜೋಡಣೆಗಳು 16 ಇವೆ. ಮೋಟಾರಿಗೆ ಹೋಗುವ ಕರೆಂಟು ಹದಿನಾರನ್ನೂ ದಾಟಿಯೇ ಹೋಗಬೇಕಾದ್ದರಿಂದ ಅವುಗಳಲ್ಲಿ ಒಂದು ಕೆಟ್ಟರೂ ಸಾಕು. ಏರಿನಲ್ಲಿ 150 ಆಂಪಿಯರ್ ಹರಿಯುತ್ತದೆ ಎಂದು ಇಟ್ಟುಕೊಳ್ಳಿ. ಜೋಡಣೆಯ ರೋಧ (ಕರೆಂಟಿಗೆ ಒಡ್ಡುವ ತಡೆ) 0.1 ಮಿಲಿಓಮ್ ಇದ್ದರೆ ಅಲ್ಲಿ ಹುಟ್ಟುವ ಶಾಖ ಸುಮಾರು ಎರಡು ವ್ಯಾಟ್ ಮಾತ್ರ. ರೋಧ 1 ಮಿಲಿಓಮ್‌ಗೆ ಏರಿದರೆ 22 ವ್ಯಾಟ್ ದಾಟುತ್ತದೆ, ಅಂದರೆ ರೇಡಿಯೊ ರಿಪೇರಿಯವರ ಸೋಲ್ಡರಿಂಗ್ ಐರನ್ನಿಗೆ ಹತ್ತಿರದ ಶಾಖ ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಕೂತಂತೆ.

ಆದ್ದರಿಂದ ಸ್ಪ್ಯಾನರ್ ಹಿಡಿಯುವ ಮೊದಲು ಅಳೆಯಿರಿ. ಕಾರು ಓಡಿಸುತ್ತಾ ಅಳೆಯುವುದು ಕಷ್ಟ. ಆದರೆ ಚಾರ್ಜರ್ ಆರಂಭದ ಹೊತ್ತಿನಲ್ಲಿ ಸ್ಥಿರವಾದ ಕರೆಂಟ್ ಕೊಡುತ್ತದೆ, ಅದನ್ನೇ ಬಳಸಿಕೊಳ್ಳಬಹುದು. ಡಿಕ್ಕಿ, ಬಾನೆಟ್ ಎರಡನ್ನೂ ತೆರೆದು, ಬ್ಯಾಟರಿಗಳು ಇನ್ನೂ ಗುಳ್ಳೆ ಬಿಡಲು ತೊಡಗುವ ಮೊದಲೇ, ರಬ್ಬರ್ ಕೈಗವಸು ಹಾಕಿಕೊಂಡು, ಮಲ್ಟಿಮೀಟರನ್ನು ಮಿಲಿವೋಲ್ಟಿಗೆ ಇಟ್ಟು, ಒಂದು ಕಡ್ಡಿಯನ್ನು ಸೀಸದ ಟರ್ಮಿನಲ್ಲಿಗೂ ಇನ್ನೊಂದನ್ನು ಅದಕ್ಕೇ ತಾಗಿರುವ ಲಗ್ಗಿಗೂ ಮುಟ್ಟಿಸಿರಿ. 15 ಆಂಪಿಯರ್ ಹರಿಯುತ್ತಿದ್ದರೆ ಒಳ್ಳೆಯ ಜೋಡಣೆಯಲ್ಲಿ ಒಂದೆರಡು ಮಿಲಿವೋಲ್ಟ್ ಕಾಣುತ್ತದೆ; 1 ಮಿಲಿಓಮಿನ ಜೋಡಣೆಯಲ್ಲಿ 15. ಹದಿನಾರನ್ನೂ ಅಳೆದು ಕಾಗದದಲ್ಲಿ ಬರೆದಿಟ್ಟುಕೊಂಡರೆ ಗುಂಪಿಗೆ ಸೇರದ ಒಂದು ಅಂಕಿ ತಾನಾಗಿ ಎದ್ದು ಕಾಣುತ್ತದೆ. ಚಾರ್ಜ್ ಆಗುತ್ತಿರುವಾಗ ಯಾವ ನಟ್ಟನ್ನೂ ಸಡಿಲಿಸಬೇಡಿ. ಬ್ಯಾಟರಿ ಬಿಡುವ ಹೈಡ್ರೋಜನ್ ಗಾಳಿಯಲ್ಲಿ 4 ಶೇಕಡಾ ಸೇರಿದರೂ ಹೊತ್ತಿಕೊಳ್ಳಲು ಒಂದು ಕಿಡಿ ಸಾಕು.

ಕೆಟ್ಟ ಜೋಡಣೆ ಸಿಕ್ಕ ಮೇಲೆ ಚಾರ್ಜರ್ ಕಳಚಿ, ಮುಖ್ಯ ಸ್ವಿಚ್ ಆರಿಸಿ, ಗಾಳಿಯಾಡಲು ಬಿಟ್ಟು, ಸಾಲಿನ ನಡುವಿನ ಕೊಂಡಿಯನ್ನು ಮೊದಲು ಬಿಚ್ಚಿರಿ. ಆಗ 96 ವೋಲ್ಟು 48ರ ಎರಡು ಭಾಗಗಳಾಗುತ್ತದೆ. ಉಂಗುರ, ಗಡಿಯಾರ ತೆಗೆದಿಡಿ. ಸ್ಪ್ಯಾನರಿನ ಬಾಯಿಯೊಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ಇನ್ಸುಲೇಶನ್ ಟೇಪ್ ಸುತ್ತಿರಿ.

ಬಿಚ್ಚಿದ ಮೇಲೆ ಲಗ್ಗಿನ ಅಡಿಭಾಗವನ್ನು ಬೆಳಕಿಗೆ ಹಿಡಿದು ನೋಡುವುದನ್ನು ಮರೆಯಬೇಡಿ. ನನ್ನ ಕಾರಿನಲ್ಲಿ ಹೀಗೆ ಬಿಚ್ಚಿದಾಗ, ಲಗ್ಗಿನ ಕೆಂಪು ಹೊದಿಕೆ ಕಂದು ಬಣ್ಣಕ್ಕೆ ತಿರುಗಿ ಹಿಂದಕ್ಕೆ ಮುದುಡಿತ್ತು. ಸೀಸದ ಮೇಲೆ ಎಳೆ ಚಂದ್ರನಷ್ಟೇ ಜಾಗ ಹೊಳೆಯುತ್ತಿತ್ತು, ಉಳಿದದ್ದು ಬೂದು. ಎರಡರ ನಡುವೆ ನಾನೇ ಒಂದು ಸ್ಟೇನ್‌ಲೆಸ್ ಸ್ಟೀಲ್ ವಾಷರ್ ಸೇರಿಸಿದ್ದೆ. ಸ್ಟೇನ್‌ಲೆಸ್ ಸ್ಟೀಲಿನ ರೋಧ ತಾಮ್ರಕ್ಕಿಂತ ಸುಮಾರು 40 ಪಟ್ಟು ಹೆಚ್ಚು. ಲಗ್ಗು ನೇರವಾಗಿ ಸೀಸದ ಮೇಲೆ ಕೂರಬೇಕು, ವಾಷರು ಏನಿದ್ದರೂ ಲಗ್ಗಿನ ಮೇಲೆ.

ನಿಮ್ಮ ಊರಿನ ಉಪ್ಪುಗಾಳಿಯ ತೇವವೂ ಬ್ಯಾಟರಿಯ ಆ್ಯಸಿಡ್ ಹಬೆಯೂ ಸೇರಿದರೆ ತಾಮ್ರದ ಮೇಲೆ ನೀಲಿ ಹಸಿರಿನ ಕಿಲುಬು, ಸೀಸದ ಮೇಲೆ ಬಿಳಿ ಪುಡಿ ಬೆಳೆಯುತ್ತವೆ. ಸೆಲ್ಲುಗಳ ಮುಚ್ಚಳಗಳನ್ನೆಲ್ಲ ಭದ್ರವಾಗಿ ಮುಚ್ಚಿ, ಒಂದು ಲೋಟ ನೀರಿಗೆ ಒಂದು ಚಮಚ ಅಡಿಗೆ ಸೋಡಾ ಕದಡಿ, ಬ್ರಷ್ಷಿನಿಂದ ಸವರಿರಿ. ನೊರೆ ಏಳುವುದು ನಿಂತ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿರಿ. ಸೋಡಾ ನೀರು ಸೆಲ್ಲಿನೊಳಗೆ ಒಂದು ಹನಿಯೂ ಇಳಿಯಬಾರದು, ಅದು ಆ್ಯಸಿಡ್ಡನ್ನೇ ಕೊಲ್ಲುತ್ತದೆ. ಬಳಿಕ ಎರಡೂ ಮುಖಗಳನ್ನು ಹಿತ್ತಾಳೆ ತಂತಿಯ ಬ್ರಷ್ಷಿನಿಂದ ಹೊಳೆಯುವಷ್ಟು ಮಾತ್ರ ಉಜ್ಜಿ, ಒಣಗಿದ್ದಾಗಲೇ ಕೂಡಿಸಿ ಬಿಗಿ ಮಾಡಿ, ಆಮೇಲೆ ಹೊರಗಿನಿಂದ ಪೆಟ್ರೋಲಿಯಂ ಜೆಲ್ಲಿ ಬಳಿಯಿರಿ. ಗ್ರೀಸಿನ ಕೆಲಸ ತೇವವನ್ನು ತಡೆಯುವುದು. ಅದು ಕರೆಂಟನ್ನು ಸಾಗಿಸುವುದಿಲ್ಲ. ಕಿಲುಬಿನ ಮೇಲೆಯೇ ಹಚ್ಚಿದರೆ ರೋಗವನ್ನು ಮುಚ್ಚಿಟ್ಟಂತೆ. ಲಗ್ಗಿನೊಳಗೇ ಕೇಬಲ್ ಹಸಿರುಗಟ್ಟಿದ್ದರೆ ಶುಚಿ ಮಾಡುವ ಶ್ರಮ ವ್ಯರ್ಥ, ಹೊಸ ಲಗ್ಗನ್ನು ಕ್ರಿಂಪ್ ಮಾಡಿಸಿ (ಕೇಬಲಿಗೆ ಒತ್ತಿ ಕೂಡಿಸಿ).

ಪ್ರಶ್ನೆ: ಪುಣೆಯಲ್ಲಿರುವ ನಾನು ನನ್ನ ಕಾರಿಗೆ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲುಗಳನ್ನು ಹಾಕಿಸಿದ್ದೇನೆ. ಆ್ಯಸಿಡ್ ಇಲ್ಲದ ಕಾರಣ ಟರ್ಮಿನಲ್ ಶುಚಿ ಮಾಡುವ ಅಗತ್ಯ ಇಲ್ಲವೆ?

ಉತ್ತರ: ಕಿಲುಬಿನ ಕಾಟ ಇಲ್ಲ, ಆದರೆ ಹಲವು ಸೆಲ್ಲುಗಳ ಟರ್ಮಿನಲ್ ಅಲ್ಯುಮಿನಿಯಮ್ಮಿನದು. ಅದನ್ನು ಉಜ್ಜಿದ ಕೂಡಲೇ ಗಾಳಿ ತಗುಲಿ ವಿದ್ಯುತ್ತನ್ನು ತಡೆಯುವ ತೆಳುವಾದ ಆಕ್ಸೈಡ್ ಪೊರೆ ಮತ್ತೆ ಕಟ್ಟುತ್ತದೆ. ಆದ್ದರಿಂದ ಇಲ್ಲಿ ಮಾತ್ರ ಕ್ರಮ ತಿರುಗುಮುರುಗು: ನುಣುಪು ಉಜ್ಜುಕಾಗದದಿಂದ ಉಜ್ಜಿ, ಅಲ್ಯುಮಿನಿಯಮ್ ಜೋಡಣೆಗೆಂದೇ ಮಾಡಿದ ಪೇಸ್ಟನ್ನು ಕೂಡಲೇ ತೆಳ್ಳಗೆ ಸವರಿ, ಬಸ್‌ಬಾರ್ (ಸೆಲ್ಲುಗಳನ್ನು ಜೋಡಿಸುವ ಲೋಹದ ಪಟ್ಟಿ) ಕೂರಿಸಿ ಬಿಗಿ ಮಾಡಿರಿ. ಬೋಲ್ಟು ತಿರುವುವ ತೂತಿನೊಳಗಿನ ಎಳೆಗಳೂ (ಥ್ರೆಡ್‌ಗಳೂ) ಅಲ್ಯುಮಿನಿಯಮ್ಮಿನವೇ ಆಗಿದ್ದರೆ ಅತಿಯಾಗಿ ತಿರುವಿದ ಒಂದು ಬೋಲ್ಟು ಅವನ್ನು ಕಿತ್ತುಹಾಕಿ ಸೆಲ್ಲನ್ನೇ ನಿರುಪಯೋಗಿ ಮಾಡಬಲ್ಲದು. ಮಿಲಿವೋಲ್ಟ್ ಅಳತೆಯ ವಿಧಾನ ನಿಮಗೂ ಅದೇ.