ಖರ್ಚು ಯಾರದು, ಉಳಿತಾಯ ಯಾರದು?

ಪ್ರಶ್ನೆ: ವಾರ್ಡ್ ಸಮಿತಿ ಸಭೆಯಲ್ಲಿ ಕಾರ್ಬನ್ ಕಡಿಮೆ ಮಾಡುವ ಕೆಲಸಗಳ ಮಾತು ಎತ್ತಿದರೆ ಸಾಕು, ‘ಮೊದಲ ಗಟಾರ ಮಾಡ್ರಿ, ರಸ್ತೆ ಮಾಡ್ರಿ’ ಎಂದು ಬಾಯಿ ಮುಚ್ಚಿಸುತ್ತಾರೆ. ಬರೀ ಹಣದ ಲೆಕ್ಕದಲ್ಲಿ ಇವನ್ನು ಸಮರ್ಥಿಸಬಹುದೇ?
– ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಸಮರ್ಥಿಸಬಹುದು, ಆದರೆ ಎಲ್ಲ ಕೆಲಸಗಳನ್ನೂ ಅಲ್ಲ. ಸಭೆಗೆ ಕಾರ್ಬನ್ ಮಾತು ಬೇಡ, ಕಳೆದ 12 ತಿಂಗಳ ಕರೆಂಟ್ ಬಿಲ್ ಒಯ್ಯಿರಿ. ಸಾಮಾನ್ಯವಾಗಿ ನಗರಾಡಳಿತದ ಬಿಲ್ಲಿನಲ್ಲಿ ದೊಡ್ಡ ಪಾಲು ಎರಡರದ್ದೇ: ನೀರೆತ್ತುವ ಪಂಪು ಮತ್ತು ಬೀದಿದೀಪ.

ಎಲ್ಲರ ಕಣ್ಣಿಗೆ ಬೀಳುವುದು ದೀಪ. ಹಣ ಹೆಚ್ಚು ಸೋರುವುದು ಪಂಪಿನಲ್ಲಿ. ಹುಬ್ಬಳ್ಳಿ-ಧಾರವಾಡ ಅವಳಿ ನಗರಕ್ಕೆ ಮುಖ್ಯವಾಗಿ ನೀರು ಬರುವುದು ಸವದತ್ತಿಯ ಮಲಪ್ರಭಾ ಜಲಾಶಯದಿಂದ, ಎತ್ತಿಯೇ ತರಬೇಕು. ಸಾವಿರ ಲೀಟರ್ ನೀರನ್ನು 100 ಮೀಟರ್ ಎತ್ತರಕ್ಕೆ ಏರಿಸಲು, ನಷ್ಟವೇ ಇಲ್ಲದಿದ್ದರೆ, 0.27 ಯೂನಿಟ್ ಸಾಕು. ಪಂಪು-ಮೋಟಾರು ಸೇರಿ ದಕ್ಷತೆ ಶೇ 70 ಇದ್ದರೆ 0.39 ಯೂನಿಟ್, ಸವೆದು ಶೇ 50ಕ್ಕೆ ಇಳಿದಿದ್ದರೆ 0.55. ದಿನಕ್ಕೆ ಒಂದು ಕೋಟಿ ಲೀಟರ್ ಎತ್ತುವ ಕಡೆ ಈ ವ್ಯತ್ಯಾಸವೇ ವರ್ಷಕ್ಕೆ ಸುಮಾರು 5.7 ಲಕ್ಷ ಯೂನಿಟ್. ಯೂನಿಟ್‌ಗೆ ಆರೂವರೆ ರೂಪಾಯಿ ಹಿಡಿದರೆ 37 ಲಕ್ಷ ರೂ. ಇದು 100 ಮೀಟರ್ ಏರಿಕೆಯ ಲೆಕ್ಕ. ನಿಮ್ಮ ಪಂಪ್‌ಹೌಸಿನ ಏರಿಕೆ ಮತ್ತು ಬಿಲ್ಲಿನ ದರ ಹಾಕಿ ಮತ್ತೆ ಗುಣಿಸಿಕೊಳ್ಳಿ.

ಅಳೆಯದೆ ಪಂಪು ಬದಲಿಸಬೇಡಿ. ಹರಿವಿಗೆ ಪೈಪಿನ ಹೊರಗೇ ಕಟ್ಟುವ ಅಲ್ಟ್ರಾಸಾನಿಕ್ ಮೀಟರ್, ಎಳೆಯುವ ಮತ್ತು ತಳ್ಳುವ ಎರಡೂ ಬದಿಗೆ ಪ್ರೆಷರ್ ಗೇಜ್, ಎಳೆಯುವ ವಿದ್ಯುತ್ ಅಳೆಯಲು ಪ್ಯಾನೆಲ್‌ನಲ್ಲಿ ಪವರ್ ಅನಲೈಸರ್. ಮೂರೂ ಒಂದೇ ಹೊತ್ತಿಗೆ ಓದಬೇಕು. ಹರಿವಿನ ಮೀಟರಿಗೆ ಮುಂಚೆ ಪೈಪಿನ ವ್ಯಾಸದ ಹತ್ತುಪಟ್ಟು, ನಂತರ ಐದುಪಟ್ಟು ನೇರ ಪೈಪು ಇರಲಿ. ಬೆಂಡಿನ ಪಕ್ಕ ಕಟ್ಟಿದರೆ ಅಂಕಿ ಸುಳ್ಳು ಹೇಳುತ್ತದೆ. ಸಾಮಾನ್ಯವಾಗಿ ಸಿಗುವ ರೋಗ ಪಂಪು ಹಳತಾಗಿದ್ದಲ್ಲ. ಖರೀದಿ ಮಾಡುವಾಗಲೇ ‘ಇರಲಿ’ ಎಂದು ಏರಿಕೆಯನ್ನು ಹೆಚ್ಚು ತೋರಿಸಿರುತ್ತಾರೆ, ಆಮೇಲೆ ವಾಲ್ವ್ ಅರ್ಧ ಮುಚ್ಚಿ ಓಡಿಸುತ್ತಾರೆ. ಅದರ ಬದಲಿಗೆ ಅದೇ ಅಳತೆಯ ಹೊಸ ಪಂಪು ತಂದರೆ ವಾಲ್ವ್ ಅರ್ಧ ಮುಚ್ಚಿಯೇ ಇರುತ್ತದೆ. ಇಂಪೆಲ್ಲರ್ (ಪಂಪಿನೊಳಗೆ ತಿರುಗುವ ಚಕ್ರ) ಕೊರೆಸಿ ಚಿಕ್ಕದು ಮಾಡಿಸಿದರೆ ಎಷ್ಟೋ ಕಡೆ ಸಾಕು. ಸೋರಿಕೆ ಪತ್ತೆಯೂ ಇದೇ ಲೆಕ್ಕಕ್ಕೆ ಸೇರಬೇಕು, ಏಕೆಂದರೆ ಗಟಾರ ಸೇರುವ ಲೀಟರನ್ನೂ ಸವದತ್ತಿಯಿಂದ ಎತ್ತಿಯೇ ತಂದದ್ದು.

ಇನ್ನು ದೀಪ. 250 ವ್ಯಾಟಿನ ಸೋಡಿಯಂ ದೀಪ ಚೋಕ್ ಸೇರಿ 280 ವ್ಯಾಟ್ ಎಳೆಯುತ್ತದೆ. ಅಲ್ಲಿ 110 ವ್ಯಾಟಿನ ಎಲ್‌ಇಡಿ ಹಾಕಿ ದಿನಕ್ಕೆ 11 ತಾಸು ಉರಿಸಿದರೆ ವರ್ಷಕ್ಕೆ ಕಂಬಕ್ಕೆ 680 ಯೂನಿಟ್, ಅಂದರೆ ಸುಮಾರು 4,400 ರೂ. ಉಳಿತಾಯ. ಫಿಟಿಂಗ್, ಕೂಲಿ ಸೇರಿ 8,000 ರೂ. ಆಯಿತೆನ್ನಿ, 22 ತಿಂಗಳಿಗೆ ಹಣ ವಾಪಸ್. ಆದರೆ ಟೈಮರ್ ಕೆಟ್ಟು ಹಗಲು ನಾಲ್ಕು ತಾಸು ಹೆಚ್ಚು ಉರಿದರೆ ಉಳಿತಾಯದ ಕಾಲುಭಾಗ ಹೋಯಿತು. ಎಲ್‌ಇಡಿಯಲ್ಲಿ ಹೆಚ್ಚಾಗಿ ಸಾಯುವುದು ದೀಪವಲ್ಲ, ಅದಕ್ಕೆ ವಿದ್ಯುತ್ ಹೊಂದಿಸಿ ಕೊಡುವ ಡ್ರೈವರ್. ಟೆಂಡರಿನಲ್ಲಿ 10 ಕೆವಿ ಸರ್ಜ್ (ವೋಲ್ಟೇಜ್ ದಿಢೀರ್ ಏರಿಕೆ) ರಕ್ಷಣೆ, ಧೂಳು-ನೀರು ಒಳಸೇರದ ಐಪಿ 66 ದರ್ಜೆ, ಡ್ರೈವರಿಗೂ ಸೇರಿ ಐದು ವರ್ಷದ ವಾರಂಟಿ ಬರೆಸಿ.

ನಿಮ್ಮ ಸದಸ್ಯರ ಆಕ್ಷೇಪದ ಬೇರು ಬೇರೆಡೆ ಇದೆ. ಪಂಪಿಗೆ ಹಣ ಕೊಡುವುದು ಒಂದು ಖಾತೆ, ಬಿಲ್ಲು ಕಟ್ಟುವುದು ಇನ್ನೊಂದು. ಬಿಲ್ಲು ಸರ್ಕಾರದ ಅನುದಾನದಲ್ಲಿ ಪಾವತಿಯಾಗುತ್ತಿದ್ದರೆ ಉಳಿದ 37 ಲಕ್ಷದಲ್ಲಿ ವಾರ್ಡಿಗೆ ಒಂದು ಪೈಸೆಯೂ ಕಾಣುವುದಿಲ್ಲ, ಅವರಾದರೂ ಯಾಕೆ ಕೈ ಎತ್ತಬೇಕು? ಆದ್ದರಿಂದ ಠರಾವಿನಲ್ಲೇ ಬರೆಸಿ: ಉಳಿತಾಯದ ಮೊತ್ತ ಪ್ರತ್ಯೇಕ ಖಾತೆಗೆ ಬೀಳಬೇಕು, ಈ ಕೆಲಸಕ್ಕೆ ಸಾಲ ತಂದಿದ್ದರೆ ಮೊದಲು ಅದು ತೀರಬೇಕು, ಆಮೇಲೆ ಅದೇ ಹಣ ಗಟಾರಕ್ಕೆ. ಉಳಿತಾಯದಲ್ಲಿ ಪಾಲು ಪಡೆದು ತಾನೇ ಬಂಡವಾಳ ಹಾಕುವ ಕಂಪನಿ ಸಿಕ್ಕರೆ ಹಳೆಯ ಬಳಕೆಯ ಅಂಕಿಗೆ ಇಬ್ಬರೂ ಸಹಿ ಮಾಡಿದ ಮೇಲೆ ಕೆಲಸ ಶುರುವಾಗಲಿ. ತಕರಾರು ಹುಟ್ಟುವುದು ಹೆಚ್ಚಾಗಿ ಆ ಅಂಕಿಯ ಮೇಲೆ.

ಪ್ರಶ್ನೆ: ಹುಬ್ಬಳ್ಳಿ-ಧಾರವಾಡ ನಡುವೆ ಪ್ರತ್ಯೇಕ ಪಥದಲ್ಲಿ ಓಡುವ ಚಿಗರಿ ಬಸ್ಸಿನ ಟಿಕೆಟ್ ಹಣ ಅದರ ಖರ್ಚಿಗೆ ಸಾಲದು ಅಂತಾರೆ. ಹಾಗಾದರೆ ಅದಕ್ಕೆ ಹಾಕಿದ ದುಡ್ಡು ದಂಡವೇ?
– ಸಪ್ತಾಪುರ, ಧಾರವಾಡ

ಉತ್ತರ: ಟಿಕೆಟ್ ಹಣವೊಂದನ್ನೇ ನೋಡಿ ತೀರ್ಪು ಕೊಡಲಾಗದು. ಹುಬ್ಬಳ್ಳಿ-ಧಾರವಾಡ ನಡುವೆ 22 ಕಿ.ಮೀ. ಬೈಕಿನಲ್ಲಿ ಹೋಗಿಬರುವವರು ಲೀಟರಿಗೆ 50 ಕಿ.ಮೀ. ಲೆಕ್ಕದಲ್ಲಿ ದಿನಕ್ಕೆ 0.88 ಲೀಟರ್ ಪೆಟ್ರೋಲ್ ಸುಡುತ್ತಾರೆ. ಬಸ್ ಹತ್ತಿದರೆ ಆ ಹಣ, ಪ್ರತ್ಯೇಕ ಪಥದಿಂದ ಉಳಿದ ಹೊತ್ತು ಎರಡೂ ಅವರ ಜೇಬಿಗೆ. ಡೀಸೆಲ್ ಖರ್ಚು ಮಾತ್ರ ವಾಯವ್ಯ ಸಾರಿಗೆಯ ಪುಸ್ತಕಕ್ಕೆ. ಹಾಗೆಂದು ಎಲ್ಲ ಟ್ರಿಪ್ಪೂ ಲಾಭವಲ್ಲ. ಎ.ಸಿ. ಬಸ್ಸು ಲೀಟರಿಗೆ 3 ಕಿ.ಮೀ. ಓಡುತ್ತದೆಂದು ಹಿಡಿದರೆ ಒಂದು ಬದಿಗೆ ಏಳು ಲೀಟರಿಗಿಂತ ತುಸು ಹೆಚ್ಚು ಬೇಕು. ಅಂದರೆ ಬೈಕ್ ಬಿಟ್ಟು ಬಂದ 17 ಜನರಾದರೂ ಬಸ್ಸಿನಲ್ಲಿರಬೇಕು, ಇಲ್ಲದಿದ್ದರೆ ಇಂಧನದ ಲೆಕ್ಕ ತಿರುಗಿ ಬೀಳುತ್ತದೆ. ಮಧ್ಯಾಹ್ನದ ಟ್ರಿಪ್ಪು ತುಂಬಬೇಕಾದರೆ ಒಳಗಿನ ಬಡಾವಣೆಗಳಿಂದ ನಿಲ್ದಾಣಕ್ಕೆ ಸಣ್ಣ ಬಸ್ ಬೇಕು. ಆ ಖರ್ಚು ಸಣ್ಣದು, ಆದರೆ ಉದ್ಘಾಟನೆಗೆ ಒದಗದ ಕೆಲಸ.

ಪ್ರಶ್ನೆ: ನಮ್ಮ ಮನೆಯ ಬಳಕೆ ತಿಂಗಳಿಗೆ 140 ಯೂನಿಟ್, ಗೃಹಜ್ಯೋತಿ ಇದೆ. ಸೌರ ಫಲಕ ಹಾಕಿಸಲೇ?
– ಬೆಟಗೇರಿ, ಗದಗ

ಉತ್ತರ: ಹಣಕ್ಕಾಗಿ ಎಂದಾದರೆ ಬೇಡ. 2022-23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ, 200 ಯೂನಿಟ್ ಮಿತಿಯೊಳಗೆ, ಬಿಲ್ಲನ್ನು ಸರ್ಕಾರ ಕಟ್ಟುತ್ತಿದೆ. ನೀವು ಹಾಕಿದ ಫಲಕದಿಂದ ಉಳಿತಾಯ ಸರ್ಕಾರಕ್ಕೆ, ಬಂಡವಾಳ ಮಾತ್ರ ನಿಮ್ಮದು.

ತಿಂಗಳಿಗೆ 350 ಯೂನಿಟ್ ಬಳಸಿ ಪೂರ್ತಿ ಬಿಲ್ಲು ಕಟ್ಟುವ ಮನೆಗೆ ಲೆಕ್ಕ ಬೇರೆ. 3 ಕಿಲೋವ್ಯಾಟ್ ವ್ಯವಸ್ಥೆಗೆ 1.8 ಲಕ್ಷ ಆಗುತ್ತದೆಂದುಕೊಳ್ಳಿ, ಪಿಎಂ ಸೂರ್ಯಘರ್ ಸಹಾಯಧನ 78,000 ರೂ. ಕಳೆದರೆ 1.02 ಲಕ್ಷ. ನಮ್ಮ ಬಿಸಿಲಿಗೆ ವರ್ಷಕ್ಕೆ ಸುಮಾರು 4,200 ಯೂನಿಟ್; 6 ರೂ. ದರದಲ್ಲಿ 25,000 ರೂ. ನಾಲ್ಕು ವರ್ಷಕ್ಕೆ ಹಣ ವಾಪಸ್. ನಿಗದಿತ ಶುಲ್ಕ ಮಾತ್ರ ಹಾಗೇ ಉಳಿಯುತ್ತದೆ. ನೀರಿನ ಟಾಕಿಯ ನೆರಳು ಒಂದೇ ಫಲಕದ ಮೇಲೆ ಬಿದ್ದರೂ ಆ ಸಾಲಿನ ಉತ್ಪಾದನೆಯೇ ಕುಸಿಯಬಹುದು, ಮೊದಲು ಟಾಕಿಯ ಜಾಗ ನೋಡಿ.

ಪ್ರಶ್ನೆ: ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಕೋಲ್ಡ್ ಸ್ಟೋರೇಜ್ ಇದೆ. ಛಾವಣಿಗೆ ಸೋಲಾರ್ ಹಾಕಲು ಏಜೆನ್ಸಿಯವರು ಬೆನ್ನು ಹತ್ತಿದ್ದಾರೆ. ಹಾಕಲೇ?
– ಹಾವೇರಿ ಜಿಲ್ಲೆ

ಉತ್ತರ: ಹಾಕಿ, ಆದರೆ ಕೊನೆಗೆ. ನಿಮ್ಮಲ್ಲಿ ಖರ್ಚೂ ಉಳಿತಾಯವೂ ಒಂದೇ ಗಲ್ಲೆಯಲ್ಲಿ, ಹಾಗಾಗಿ ನಿರ್ಧಾರ ಸುಲಭ. ಮೊದಲು ಶಾಖ ಹೊರಹಾಕುವ ಕಂಡೆನ್ಸರ್ ತೆರೆಸಿ ನೋಡಿ. ಗಡಸು ಬೋರ್ ನೀರಿಗೆ ಸುಣ್ಣ ಕಟ್ಟಿ ಕಂಪ್ರೆಸರ್ ಸುಮ್ಮನೆ ದುಡಿಯುತ್ತಿರುತ್ತದೆ. ಅಮೋನಿಯಾ ವ್ಯವಸ್ಥೆಯಾದರೆ ಒಳಸೇರಿದ ಗಾಳಿ ತೆಗೆಸಿ. ಕೋಣೆ ತಂಪು ಮಾಡುವ ಕಾಯಿಲ್ ಮೇಲಿನ ಹಿಮ ಕರಗಿಸುವ ಹೊತ್ತು ಸರಿ ಹೊಂದಿಸಿ. ಕೋಣೆಗೆ ತೊಂದರೆಯಾಗದಂತೆ ಕಾಯಿಲ್‌ನ ತಾಪವನ್ನು ಒಂದು ಡಿಗ್ರಿ ಏರಿಸಲು ಸಾಧ್ಯವಾದರೆ ಕಂಪ್ರೆಸರಿನ ಬಳಕೆ ಶೇ 2ರಿಂದ 3ರಷ್ಟು ಇಳಿಯುತ್ತದೆ. ಹೊರಗೋಡೆ ಬೆವರುತ್ತಿದ್ದರೆ ಅಲ್ಲಿ ಇನ್ಸುಲೇಶನ್ ನೀರು ಕುಡಿದಿದೆ, ಮೇಲೆ ಬಣ್ಣ ಹೊಡೆಸಿ ಉಪಯೋಗವಿಲ್ಲ, ಆ ಭಾಗ ಕಿತ್ತು ಹಾಕಿಸಬೇಕು.

ಇಷ್ಟಾದ ಮೇಲೆ ಉಳಿಯುವ ಬಳಕೆಗೆ ತಕ್ಕಷ್ಟು ಸೋಲಾರ್ ಲೆಕ್ಕ ಹಾಕಿ, ವ್ಯವಸ್ಥೆ ಸಣ್ಣದಾಗುತ್ತದೆ. ಮಾಲು ತುಂಬುವ ತಿಂಗಳುಗಳಲ್ಲೇ ಬಿಸಿಲೂ ಜೋರು ಇರುವುದು ಒಳ್ಳೆಯದೇ. ಡಿಮ್ಯಾಂಡ್ ಚಾರ್ಜ್ (ಒಮ್ಮೆಗೆ ಎಳೆದ ಗರಿಷ್ಠ ವಿದ್ಯುತ್ತಿಗೆ ಬೀಳುವ ಶುಲ್ಕ) ಇಳಿಯುತ್ತದೆ ಎಂದು ಏಜೆಂಟರು ಹೇಳಿದರೆ ಮಾತ್ರ ನಂಬಬೇಡಿ. ಸಂಜೆ ಏಳಕ್ಕೆ ಎರಡೂ ಕಂಪ್ರೆಸರ್ ಓಡಿದರೆ ಮೀಟರ್ ಆ ಗರಿಷ್ಠವನ್ನೇ ಬರೆದುಕೊಳ್ಳುತ್ತದೆ. ಅದಕ್ಕೆ ಪರಿಹಾರ ಎರಡನೆಯ ಕಂಪ್ರೆಸರನ್ನು ಮಧ್ಯಾಹ್ನವೇ ಓಡಿಸಿ ಕೋಣೆಯನ್ನು ಮೊದಲೇ ತಂಪು ಮಾಡಿಟ್ಟುಕೊಳ್ಳುವುದು.